ಹದಿಮೂರೋ, ಹದಿನೈದೋ

ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದರ ಲೆಕ್ಕದ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ರೈತರು ತಂದ ರಾಶಿ, ಬೆಟ್ಟೆ, ಸರಕು, ಗೊರಬಲುಗಳ ತೂಕವೂ ಅವರಿಗೆ ಸಲ್ಲಬೇಕಾದ ಬಾಕಿಯೂ ಅದರಲ್ಲಿವೆ. ಕಳೆದ ಭಾನುವಾರ ಅದನ್ನು ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ 11ನೇ ಆವೃತ್ತಿಯಿಂದ 12ಕ್ಕೆ ಏರಿಸಿದೆ.

ಡೆಬಿಯನ್ ಹೀಗೆ ಮೇಲೇರಿದಾಗ ಡೇಟಾಬೇಸಿನ ಮಾಹಿತಿ ತಾನಾಗಿ ಹೊಸ ಆವೃತ್ತಿಗೆ ಬರುವುದಿಲ್ಲ. ಹಳೆಯ ಪೋಸ್ಟ್‌ಗ್ರೆಸ್ 13 ಎಂಬ ಡೇಟಾಬೇಸ್ ತಂತ್ರಾಂಶ, ಲೆಕ್ಕದ ಮಾಹಿತಿಯೊಡನೆ, ತನ್ನ 5432ನೇ ಪೋರ್ಟಿನಲ್ಲಿಯೇ, ಅಂದರೆ ಸಂಪರ್ಕದ ಬಾಗಿಲಿನಲ್ಲಿಯೇ, ಓಡುತ್ತಿತ್ತು. ಪಕ್ಕದ 5433ರಲ್ಲಿ 15ರ ಖಾಲಿ ಕ್ಲಸ್ಟರ್, ಅಂದರೆ ಡೇಟಾಬೇಸುಗಳನ್ನಿಡುವ ಕಣಜ, ಎದ್ದು ನಿಂತಿತ್ತು. ಖಾಲಿಯದನ್ನು ಮೊದಲು ಅಳಿಸಿ, ಆಮೇಲೆ 13ನ್ನು ಮೇಲೇರಿಸಬೇಕು. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಗುಮಾಸ್ತರಿಗೆ ಇದನ್ನೆಲ್ಲ ವಿವರಿಸಿಯೇ ಕೀಲಿಮಣೆಗೆ ಕೈ ಹಾಕಿದ್ದೆ. ಕಾರ್ಯದರ್ಶಿಗಳು ಮೂರನೆಯ ಸಲ ಫೋನ್ ಮಾಡಿ "ಇನ್ನೂ ಆಗಲಿಲ್ಲವೇ" ಎಂದು ಕೇಳಿದ್ದರು. ಅವಸರಪಡಿಸುವವರಿಗೆ ಇಂಥ ಕೆಲಸದ ಭಾರ ತಿಳಿಯುವುದಿಲ್ಲವೆಂಬ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ.

"ಹದಿಮೂರು ಅಂದರೆ ಹಳೇದಲ್ಲವಾ?" ಎಂದರು ಗುಮಾಸ್ತರು.

ಪರದೆಯ ಮೇಲೆ ಪಿಜಿ-ಡ್ರಾಪ್‌ಕ್ಲಸ್ಟರ್ ಎಂಬ ಆದೇಶದ ಮುಂದೆ, ಓಡುತ್ತಿರುವುದನ್ನೂ ನಿಲ್ಲಿಸಿ ಅಳಿಸು ಎಂಬ ಸೂಚನೆಯ ಜೊತೆಗೆ, 15ರ ಬದಲು 13 ಎಂದಿತ್ತು. ನನ್ನ ಬೆರಳು ಎಂಟರ್ ಕೀಲಿಯ ಮೇಲಿತ್ತು. ಆ ಆದೇಶ "ಖಚಿತವೇ" ಎಂದು ಮರಳಿ ಕೇಳುವುದಿಲ್ಲ.

ವಾರವಿಡೀ ಗುಮಾಸ್ತರ ಆ ಮಾತು ನನ್ನ ಕಿವಿಯಲ್ಲಿದೆ. ಬ್ಯಾಕಪ್ ತೆಗೆದಿಟ್ಟಿದ್ದೆನೆಂಬುದು ನಿಜ. ಆದರೆ ಅದನ್ನು ಬೇರೊಂದು ಯಂತ್ರದಲ್ಲಿ ಬಿಚ್ಚಿ ನೋಡಿರಲಿಲ್ಲ. ಬಿಚ್ಚಿ ನೋಡದ ಬ್ಯಾಕಪ್ಪನ್ನು ನಂಬಿ ನೂರಾರು ಮನೆಗಳ ವರ್ಷದ ದುಡಿಮೆಯನ್ನು ಒಂದು ಅಂಕಿಯ ಅಂತರದಲ್ಲಿ ಇಟ್ಟಿದ್ದೆನಲ್ಲ ಎಂಬುದು ನನ್ನನ್ನು ಕಾಡುತ್ತಿದೆ. ಅಂದು ಕೆಲಸ ನಿಲ್ಲಿಸಿ, ಮೊದಲು ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಬಿಚ್ಚಿ, ಗುಮಾಸ್ತರು ಹೇಳಿದ ನಾಲ್ಕು ಖಾತೆಗಳನ್ನು ತಾಳೆ ನೋಡಿದ ಬಳಿಕವೇ ಮುಂದುವರಿದೆ. ಕಡತಗಳನ್ನು ನಕಲಿಸದೆ ಹಳೆಯವನ್ನೇ ಹೊಸದರ ಜೊತೆ ಹಂಚಿಕೊಳ್ಳುವ ಹಾರ್ಡ್ ಲಿಂಕಿನ ವೇಗದ ದಾರಿಯನ್ನೂ ಬಿಟ್ಟೆ. ಅದರಲ್ಲಿ ಹೊಸದು ಒಮ್ಮೆ ಓಡಿದ ಮೇಲೆ ಹಳೆಯದಕ್ಕೆ ಮರಳುವ ಹಾದಿ ಇರುವುದಿಲ್ಲ.

ಗುಮಾಸ್ತರಿಗೆ ಲಿನಕ್ಸ್ ಗೊತ್ತಿಲ್ಲ. ಹೊಸ ಖಾತೆಪುಸ್ತಕಕ್ಕೆ ಬಾಕಿ ಎತ್ತಿ ಬರೆದ ಮೇಲೂ, ತಾಳೆಯಾಗುವ ತನಕ ಹಳೆಯದನ್ನು ಅಟ್ಟಕ್ಕೆ ಹಾಕಬಾರದೆಂಬುದು ಗೊತ್ತು. ನನಗೆ ಕಲಿಸಿದವರಾರೂ ಅದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ.

ಈಗ 15 ಓಡುತ್ತಿದೆ. 13 ನಿಂತ ಸ್ಥಿತಿಯಲ್ಲಿ 5433ರಲ್ಲಿದೆ. ಗುಮಾಸ್ತರು ದಿನವೂ ಬೆಳಿಗ್ಗೆ ಹಳೆಯ ಮುದ್ರಿತ ಪಟ್ಟಿಯ ಒಂದು ಕಟ್ಟನ್ನು ಬಿಚ್ಚಿ ಬಾಕಿಗಳನ್ನು ಹೋಲಿಸುತ್ತಾರೆ. ಇನ್ನು ಮೂರು ಕಟ್ಟುಗಳಿವೆ. ಅವು ಮುಗಿಯುವವರೆಗೆ 13ನ್ನು ನಾನು ಮುಟ್ಟುವುದಿಲ್ಲ.