ಸೈಕಲ್ಲಿನಲ್ಲಿ ಭಾರ ಕೂರಬೇಕಾದ ಜಾಗ

ಕಾಸರಗೋಡು ಪೇಟೆಯಿಂದ ವಿದ್ಯಾನಗರದ ಕಡೆಗೆ ಅಕ್ಕಿ, ತೆಂಗಿನಕಾಯಿ, ಹಿಂಡಿಯನ್ನೆಲ್ಲ ಸೈಕಲ್ಲಿನಲ್ಲೇ ಸಾಗಿಸುವ ನನಗೆ, ಭಾರ ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದೇ ಮುಖ್ಯವಾಗಿ ಕಾಣುತ್ತದೆ. 25 ಕಿಲೋ ಅಕ್ಕಿಯ ಚೀಲವನ್ನು ಕ್ಯಾರಿಯರಿನ ಮೇಲೆ ನೆಟ್ಟಗೆ ನಿಲ್ಲಿಸಿ ಕಟ್ಟಿದರೆ ಗುರುತ್ವಕೇಂದ್ರ ಮೇಲಕ್ಕೇರುತ್ತದೆ. ಸೈಕಲ್ ತುಸು ವಾಲಿದರೂ ಚೀಲ ಅದನ್ನು ಆ ಕಡೆಗೇ ಎಳೆಯುತ್ತದೆ. ಅದೇ ಅಕ್ಕಿಯನ್ನು ಎರಡು ಸಮಪಾಲು ಮಾಡಿ, ಹಿಂದಿನ ಚಕ್ರದ ಎರಡೂ ಬದಿಗೆ, ಪೆಡಲ್ ತುಳಿಯುವಾಗ ಹಿಮ್ಮಡಿಗೆ ತಾಗದಂತೆ, ಆದಷ್ಟು ಕೆಳಗೆ ಇಳಿಬಿಟ್ಟು ಕಟ್ಟಿದರೆ ಹ್ಯಾಂಡಲ್ ಹಿಡಿತದಲ್ಲಿ ಉಳಿಯುತ್ತದೆ. ಭಾರ ಹಿಂದಿನ ಅಚ್ಚಿಗಿಂತಲೂ ಹಿಂದಕ್ಕೆ ಸರಿದರೆ ಮುಂದಿನ ಚಕ್ರ ಹಗುರವಾಗಿ, ಏರಿನಲ್ಲಿ ದಾರಿ ತಪ್ಪುತ್ತದೆ. ಹ್ಯಾಂಡಲ್ಲಿಗೆ ಚೀಲ ತೂಗುಹಾಕುವುದನ್ನಂತೂ ನಾನು ಒಪ್ಪುವುದೇ ಇಲ್ಲ.

ಕಟ್ಟಲು ಹಳೆಯ ಟ್ಯೂಬನ್ನು ಸೀಳಿದ ಪಟ್ಟಿಯೇ ಉತ್ತಮ, ಏಕೆಂದರೆ ದಾರಿಯ ಕುಲುಕಾಟಕ್ಕೆ ಚೀಲ ಕುಸಿದಂತೆ ಅದು ತಾನೇ ಬಿಗಿದುಕೊಳ್ಳುತ್ತದೆ. ತುದಿಗಳು ಮಾತ್ರ ಕಡ್ಡಿಗಳಿಗೆ ಸಿಲುಕಬಾರದು. ನಮ್ಮ ಹಳೆಯ ಮಾದರಿಯ ಸೈಕಲ್ಲುಗಳ ಹಿಂದಿನ ಚಕ್ರಕ್ಕೆ 40, ಮುಂದಿನದಕ್ಕೆ 32 ಕಡ್ಡಿಗಳಿರುವುದು ಹೆಚ್ಚಿನ ಭಾರ ಹಿಂದೆ ಬೀಳುವುದರಿಂದಲೇ. ಭಾರ ಹೇರುವಾಗ ಎರಡು ಕಾಲಿನ ಸ್ಟ್ಯಾಂಡೇ ಬೇಕು. ಮಳೆಗಾಲದಲ್ಲಿ ಉಕ್ಕಿನ ರಿಮ್ ನೆನೆದರೆ ಬ್ರೇಕ್ ಬಹಳ ತಡವಾಗಿ ಹಿಡಿಯುವುದರಿಂದ, ಇಳಿಜಾರಿನ ಆರಂಭದಲ್ಲೇ ಬ್ರೇಕನ್ನು ಮೆಲ್ಲಗೆ ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳಬೇಕು. ಇಳುಕಲು ಕಡಿದಾಗಿದ್ದರೆ ಇಳಿದು ತಳ್ಳಿಕೊಂಡು ಹೋಗಬೇಕು.