ವೈಫೈ ಇದೆ, 5ಜಿ ಬಂತು, ಇನ್ನೂ ಏನು ಸಂಶೋಧನೆ?

"ವೈಫೈ ಇದೆ, 5ಜಿನೂ ಬಂತು. ವೈರ್‌ಲೆಸ್‌ನಲ್ಲಿ ನೀವು ಇನ್ನೂ ಕಂಡುಹಿಡಿಯೋದು ಏನಿದೆ?" ನನ್ನ ಕೆಲಸ ವೈರ್‌ಲೆಸ್ ಸಂಶೋಧನೆ; ಈ ಪ್ರಶ್ನೆಯನ್ನು ನೆಂಟರೂ ಕೇಳುತ್ತಾರೆ, ಪಿಎಚ್‌ಡಿ ಮಾಡಬೇಕೆಂದು ಬರುವವರೂ ಕೇಳುತ್ತಾರೆ.

ಉಳಿದಿರೋದು ಬ್ಯಾಟರಿಯ ಪ್ರಶ್ನೆ. ಫೋನನ್ನು ದಿನಾ ಚಾರ್ಜ್‌ಗೆ ಹಾಕ್ತೀವಿ. ಹೊಲದ ನಡುವೆ ನಿಂತು, ಅಳೆದದ್ದನ್ನು ರೇಡಿಯೋ ಮೂಲಕ ಕಳಿಸುವ ಸೆನ್ಸರ್‌ಗೆ ಯಾರು ಹಾಕ್ತಾರೆ? ಎರಡು ಪೆನ್‌ಸೆಲ್‌ನಲ್ಲಿ ಅದು ವರ್ಷಗಟ್ಟಲೆ ನಡೆಯಬೇಕು.

ಸೆನ್ಸರ್‌ನೊಳಗಿನ ಇಂಥ ರೇಡಿಯೋ ಮಾತಾಡಲು, ಅಂದರೆ ಸಂದೇಶ ಕಳಿಸಲು, ಎಷ್ಟು ವಿದ್ಯುತ್ ಖರ್ಚು ಮಾಡುತ್ತದೋ, ಸಂದೇಶ ಬರುತ್ತದಾ ಅಂತ ಸುಮ್ನೆ ಕೇಳಿಸಿಕೊಳ್ಳುತ್ತಾ ಕೂರಲೂ ಹೆಚ್ಚುಕಡಿಮೆ ಅಷ್ಟೇ ಖರ್ಚು ಮಾಡುತ್ತದೆ. ನಮ್ಮ ಲ್ಯಾಬುಗಳಲ್ಲಿ ಬಹಳ ಕಾಲ ಬಳಸಿದ ಸಿಸಿ2420 ಎಂಬ ರೇಡಿಯೋ ಚಿಪ್ ಕಳಿಸುವಾಗ ಸುಮಾರು 17 ಮಿಲಿಆಂಪ್ ಎಳೆಯುತ್ತದೆ, ಕೇಳುವಾಗ ಸುಮಾರು 19. ಎಡೆಬಿಡದೆ ಕೇಳಿಸಿಕೊಂಡರೆ 2500 ಮಿಲಿಆಂಪ್-ಅವರ್ ಸೆಲ್ ಆರು ದಿನದೊಳಗೆ ಖಾಲಿ. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದರೆ ವರ್ಷ ದಾಟುತ್ತದೆ. ಆದರೆ ಎಲ್ಲರೂ ನಿದ್ದೆ ಮಾಡ್ತಿದ್ರೆ ಯಾರು ಯಾರಿಗೆ ಹೇಳೋದು, ಅಲ್ವಾ? ಒಟ್ಟಿಗೆ ಏಳಬೇಕೆಂದರೆ ಗಡಿಯಾರಗಳು ಹೊಂದಬೇಕು. ಅಗ್ಗದ ಹರಳಿನ ಗಡಿಯಾರ ಹತ್ತು ಲಕ್ಷದಲ್ಲಿ 20 ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಆಚೀಚೆ ಆಗುತ್ತದೆ. ಬಿಸಿಲು ಏರಿದರೆ ಆ ತಪ್ಪಿನ ಪ್ರಮಾಣವೂ ಬದಲಾಗುತ್ತದೆ. ನನ್ನ ಕೆಲಸದ ಹೆಚ್ಚಿನ ಪಾಲು ಈ ಒಂದು ತೊಡಕಿಗೇ ಹೋಗಿದೆ. ಇವತ್ತಿಗೂ ನನಗೆ ಇದಕ್ಕಿಂತ ಇಷ್ಟವಾದ ಪ್ರಶ್ನೆ ಇಲ್ಲ.

ಇಂಥ ಸಂಶೋಧನೆಯಿಂದ ಉಪಯೋಗ ಏನು ಅಂದರೆ, ನಿಧಾನಕ್ಕೆ ಕಾಣುತ್ತದೆ. ಇಂಟರ್ನೆಟ್ ಪ್ರೋಟೋಕಾಲ್ (ಇಂಟರ್ನೆಟ್‌ನಲ್ಲಿ ಸಂದೇಶ ಸಾಗಿಸುವ ನಿಯಮಗಳು) ಕೆಲವೇ ಕಿಲೋಬೈಟ್ ಮೆಮೊರಿಯಲ್ಲೂ ಓಡುತ್ತದೆ ಎಂದು ಸ್ವೀಡನ್‌ನ ಕಂಪ್ಯೂಟರ್ ವಿಜ್ಞಾನಿ ಆಡಮ್ ಡಂಕೆಲ್ಸ್ 2000ದ ದಶಕದ ಆರಂಭದಲ್ಲೇ ತೋರಿಸಿದರು. ಪುಟ್ಟ ಸಾಧನಗಳಿಗೆಂದೇ ಅವರು ಮಾಡಿದ ಕಾಂಟಿಕಿ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸಿ ಎಷ್ಟೋ ಜನ ಈ ವಿದ್ಯೆ ಕಲಿತರು. 2007ರಲ್ಲಿ, ಇಂಟರ್ನೆಟ್ ಪ್ರೋಟೋಕಾಲ್‌ನ ಹೊಸ ಆವೃತ್ತಿಯಾದ ಐಪಿವಿ6 ಅನ್ನು ಇಂಥ ಸಣ್ಣ ರೇಡಿಯೋಗಳಲ್ಲಿ ಓಡಿಸುವ 6ಲೋಪ್ಯಾನ್ ಎಂಬ ಮಾನದಂಡ ಬಂತು. ಈ ರೇಡಿಯೋಗಳ 127 ಬೈಟ್‌ನ ಪ್ಯಾಕೆಟ್‌ನಲ್ಲಿ ಐಪಿವಿ6ನ ಹೆಡರ್ (ವಿಳಾಸ ಮುಂತಾದ ವಿವರವಿರುವ ಮುಂಭಾಗ) ಒಂದೇ 40 ಬೈಟ್ ತಿನ್ನುತ್ತಿತ್ತು; ಅದನ್ನು ಕುಗ್ಗಿಸುವ ದಾರಿ ಸಿಕ್ಕಿತು. ಇವತ್ತು ಕೆಲವು ಸ್ಮಾರ್ಟ್ ಬಲ್ಬು, ಬೀಗಗಳಲ್ಲಿರುವ ಥ್ರೆಡ್ ಎಂಬ ವೈರ್‌ಲೆಸ್ ಜಾಲ ಇದರ ಮೇಲೇ ನಿಂತಿದೆ.

ನಮ್ಮಲ್ಲೂ ಬೆಂಗಳೂರಿನ ಐಐಎಸ್‌ಸಿ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ವಿಶ್ವವಿದ್ಯಾಲಯ ಸೇರಿ ಪಾವಗಡದ ಚೆನ್ನಕೇಶವಪುರದಲ್ಲಿ ಮಳೆ ನಂಬಿದ ಸಣ್ಣ ರೈತರಿಗಾಗಿ ಸೆನ್ಸರ್ ಜಾಲ ಹಾಕಿದ್ದರು. ರೈತರಿಗೆ ಯಾವ ಮಾಹಿತಿ ಬೇಕು ಅಂತ ಮೊದಲು ವಿಚಾರಿಸಿದ್ದರು. ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವ.

ಪಿಎಚ್‌ಡಿಗೆ ಬರುವವರಿಗೆ ನಾನು ಹೇಳೋದು: ಮೊದಲ ವರ್ಷವೇ ಒಂದು ಹೊಲಕ್ಕೆ ಹೋಗಿ. ಲ್ಯಾಬಿನ ಮೇಜಿನ ಮೇಲೆ ಎಲೆ ಬೆಳೆಯೋದಿಲ್ಲ. ಹೊಲದಲ್ಲಿ ಜೋಳ ಎದೆಮಟ್ಟ ಬಂದಾಗ, ಎಲೆಯಲ್ಲಿರುವ ನೀರು 2.4 ಗಿಗಾಹರ್ಟ್ಸ್ ಅಲೆಯನ್ನು ಹೀರಿ, ಬಿತ್ತನೆಯ ಹೊತ್ತಿಗೆ ಚೆನ್ನಾಗಿದ್ದ ಸಿಗ್ನಲ್ ಸೊರಗುತ್ತದೆ. ಆಂಟೆನಾ ಎತ್ತರಿಸಬೇಕಾ, ನಡುವೆ ಸಿಗ್ನಲ್ ದಾಟಿಸಲು ಇನ್ನೊಂದು ಸೆನ್ಸರ್ ಇಡಬೇಕಾ ಅನ್ನೋದನ್ನು ಅಲ್ಲೇ ನಿಂತು ಅಳೆದು ತೀರ್ಮಾನಿಸಬೇಕು.