ಕಂಟ್ರೋಲ್ ಪ್ಲೇಟಲ್ಲೂ ಹುಳ ಹಸಿರಾಗಿದ್ದಾಗ

ಮೊನ್ನೆ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ ಬಂದು "ಸರ್, ಕಂಟ್ರೋಲೂ ಹಸಿರು ಕಾಣ್ತಿದೆ" ಅಂದ, ನಂಗೆ ನನ್ನ ಹಳೇ ಎಡವಟ್ಟು ನೆನಪಾಯ್ತು.

ನಾವು ಸಾಕೋದು ಸಿ. ಎಲಿಗನ್ಸ್, ಒಂದು ಮಿಲಿಮೀಟರ್ ಉದ್ದದ ದುಂಡುಹುಳ. ನಾನಾಗ ಮಾಡ್ತಿದ್ದದ್ದು ಡ್ರೆಕ್ಮೇರಿಯಾ ಅನ್ನೋ ಫಂಗಸ್ ಮೇಲಿನ ಕೆಲಸ. ಅದರ ಸ್ಪೋರ್ (ಬೀಜಕಣ) ಹುಳದ ಬಾಯಿ ಸುತ್ತ ಅಂಟ್ಕೊಂಡು ಚರ್ಮ ಕೊರ್ಕೊಂಡು ಒಳಗೆ ಹೋಗುತ್ತೆ, ಹುಳ ಸುಮ್ನೆ ಕೂರಲ್ಲ, ಚರ್ಮದ ಕೋಶಗಳಲ್ಲಿ ಎನ್‌ಎಲ್‌ಪಿ-29 ಅನ್ನೋ ಜೀನ್ ಆನ್ ಮಾಡಿ ಫಂಗಸ್ ಕೊಲ್ಲೋ ಪೆಪ್ಟೈಡ್ ತಯಾರಿಸುತ್ತೆ. ನಮ್ಮ ಸ್ಟ್ರೈನಲ್ಲಿ, ಅಂದ್ರೆ ನಾವು ಸಾಕೋ ತಳೀಲಿ, ಆ ಜೀನ್ ಆನ್ ಆದ್ರೆ ಹುಳ ಹಸಿರಾಗಿ ಹೊಳೆಯುತ್ತೆ, ಇಲ್ಲಾಂದ್ರೆ ಬರೀ ಕೆಂಪು.

ಒಂದಿನ ಕಂಟ್ರೋಲಲ್ಲೂ, ಅಂದ್ರೆ ಹೋಲಿಕೆಗೆ ಅಂತ ಸ್ಪೋರೇ ಹಾಕದೆ ಇಟ್ಟ ಪ್ಲೇಟಲ್ಲೂ ಹಸಿರು. ಕಂಟ್ಯಾಮಿನೇಷನ್, ಎಲ್ಲಿಂದಲೋ ಸ್ಪೋರ್ ಬಂದು ಸೇರ್ಕೊಂಡಿದೆ ಅಂದ್ಕೊಂಡೆ, ಮತ್ತೇನು. ಹುಳಗಳನ್ನ ಬ್ಲೀಚ್ ಮಾಡಿ ಮೊಟ್ಟೆಯಿಂದ ಶುರು ಮಾಡಿದೆ, ಇನ್ಕ್ಯುಬೇಟರ್ ಒರೆಸಿದೆ, ಪಕ್ಕದ ಬೆಂಚಿನವರ ಮೇಲೂ ಅನುಮಾನ ಪಟ್ಟೆ (ಪಾಪ), ಆದ್ರೂ ಅದೇ ಹಸಿರು. ಹೀಗೇ ಮೂರು ವಾರ ಹೋಯ್ತು. ಕೊನೆಗೆ ನಮ್ಮ ಲ್ಯಾಬಿನ ಮೇಡಂ ಬಂದು ಮೈಕ್ರೋಸ್ಕೋಪ್ ಕಡೆ ತಿರುಗಿಯೂ ನೋಡ್ಲಿಲ್ಲ, ಪ್ಲೇಟನ್ನ ಕೈಲಿ ಎತ್ತಿ "ಇದ್ಯಾಕೆ ಇಷ್ಟು ಹಗುರ ಇದೆ?" ಅಂದ್ರು. ನೋಡಿದ್ರೆ ಅಗರ್ (ಹುಳ ಬೆಳೆಸೋ ಜೆಲ್ಲಿ) ಅಂಚಿಂದ ಬಿಟ್ಕೊಂಡು ತೆಳ್ಳಗಾಗಿತ್ತು. ನಾನು ಪ್ಲೇಟ್ ತೆಳುವಾಗಿ ಸುರಿದು ಮುಚ್ಚಳ ತೆಗೆದು ರಾತ್ರಿಯಿಡೀ ಹುಡ್‌ನ ಗಾಳಿಗೆ ಬಿಟ್ಟಿದ್ದೆ, ಬೇಗ ಒಣಗ್ಲಿ ಅಂತ.

ನೀರು ಹೋಗುತ್ತೆ, ಉಪ್ಪು ಎಲ್ಲಿಗೆ ಹೋಗುತ್ತೆ? ಆ ಜೆಲ್ಲಿ ಮಾಡೋ ನಮ್ಮ ಮೀಡಿಯಾದಲ್ಲಿ ಲೀಟರಿಗೆ 3 ಗ್ರಾಂ ಉಪ್ಪು, ಅಂದ್ರೆ ಸುಮಾರು 50 ಮಿಲಿಮೋಲಾರ್. ಮೂರರಲ್ಲಿ ಎರಡು ಪಾಲು ನೀರು ಆರಿದ್ರೆ ಅದೇ 150 ಆಯ್ತು. ಎನ್‌ಎಲ್‌ಪಿ-29 ಸೋಂಕಿಗೆ ಮಾತ್ರ ಅಲ್ಲ, ಉಪ್ಪಿನ ಒತ್ತಡಕ್ಕೂ ಆನ್ ಆಗುತ್ತೆ, ನಾನು ಪೇಪರಲ್ಲಿ ಓದಿದ್ದೆ ಕೂಡ, ಬೆಂಚ್ ಮುಂದೆ ನಿಂತಾಗ ತಲೆಗೆ ಬರ್ಲಿಲ್ಲ.

ಇದರಲ್ಲಿ ನಂಗೆ ಇವತ್ತಿಗೂ ಮಜಾ ಅನ್ಸೋದು ಚರ್ಮದ ವಿಷಯ. ಹುಳದ ಮೈ ಸುತ್ತ ಉಂಗುರ ಉಂಗುರವಾಗಿ ಗೆರೆಗಳಿರ್ತವೆ, ಅವಕ್ಕೆ ಬೇಕಾದ ಕೊಲ್ಯಾಜನ್ ಪ್ರೋಟೀನ್‌ಗಳಲ್ಲಿ ಒಂದು ಕೆಟ್ರೂ, ಉದಾಹರಣೆಗೆ ಡಿಪಿವೈ-7 ಮ್ಯೂಟಂಟಲ್ಲಿ, ಉಪ್ಪೂ ಇಲ್ಲ ಫಂಗಸ್ಸೂ ಇಲ್ಲ, ಆದ್ರೂ ಉಪ್ಪಿಗೆ ಏಳೋ ಜೀನೂ ಸೋಂಕಿಗೆ ಏಳೋ ಜೀನೂ ಎರಡೂ ಎದ್ದು ಕೂತಿರ್ತವೆ. ಹುಳಕ್ಕೆ ಎರಡೂ ಕಡೆಯ ಸುದ್ದಿ ಮುಟ್ಟೋದು ಚರ್ಮದ ಮೂಲಕವೇ ಇರ್ಬೇಕು. ಒಳಗಿನ ದಾರಿ ಮಾತ್ರ ಬೇರೆ ಬೇರೆ, ಸೋಂಕಿನ ಸುದ್ದಿ ಪಿ38 ಕೈನೇಸ್ ಅನ್ನೋ ಸುದ್ದಿ ಸಾಗಿಸೋ ಎನ್ಜೈಮ್ ದಾಟ್ಕೊಂಡೇ ಹೋಗ್ಬೇಕು, ಉಪ್ಪಿನದಕ್ಕೆ ಅದರ ಹಂಗು ಅಷ್ಟಿಲ್ಲ.

ಈಗ ನಾನು ಪಕ್ಕದಲ್ಲಿ ಇನ್ನೊಂದು ಸ್ಟ್ರೈನ್ ಇಟ್ಕೊಳ್ತೀನಿ, ಜಿಪಿಡಿಎಚ್-1 ಜೀನಿಂದು. ಉಪ್ಪು ಜಾಸ್ತಿಯಾದ್ರೆ ಹುಳ ಮೈಯಲ್ಲಿ ನೀರು ಹಿಡಿದಿಟ್ಕೊಳ್ಳೋಕೆ ಗ್ಲಿಸರಾಲ್ ತುಂಬ್ಕೊಳ್ಳುತ್ತೆ, ಅದಕ್ಕೆ ಬೇಕಾದ ಎನ್ಜೈಮ್ ಇದು. ಅದೂ ಹೊಳೆದ್ರೆ ಮೊದಲ ಅನುಮಾನ ಪ್ಲೇಟಿನ ಮೇಲೆ.

ಹುಡುಗನ ಪ್ಲೇಟ್ ತಕ್ಕಡಿ ಮೇಲಿಟ್ಟೆ. ತೂಕ ಸರಿಯಾಗೇ ಇತ್ತು. ಅವನದು ನಿಜವಾಗ್ಲೂ ಕಂಟ್ಯಾಮಿನೇಷನ್ನೇ, ಬಾಯಿ ಹತ್ರ ಸ್ಪೋರ್ ಕೂತಿದ್ವು.